ತಳಿಶಾಸ್ತ್ರದ ಲೆಕ್ಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತಳಿಶಾಸ್ತ್ರದ ಅಧ್ಯಾಯ ಶುರುವಾದ ವಾರ ಪಿಯುಸಿ ತರಗತಿ ಎರಡು ಪಂಗಡವಾಗುತ್ತದೆ. ಗಣಿತಕ್ಕೆ ಹೆದರಿ ಜೀವಶಾಸ್ತ್ರ ಹಿಡಿದವರು ‘ಇಲ್ಲಿಯೂ ಲೆಕ್ಕವೇ’ ಎಂದು ಮುಖ ಸಿಂಡರಿಸುತ್ತಾರೆ. ಗಣಿತ ಬಲ್ಲವರು ಪ್ರತಿ ಸಮಸ್ಯೆಗೂ ಒಂದೊಂದು ಸೂತ್ರ ಹುಡುಕುತ್ತ ಎಡವುತ್ತಾರೆ. ಪಾಠ ಮುಗಿದ ಮೇಲೆ ಮೇಜಿನ ಹತ್ತಿರ ಬಂದು ನಿಂತವರು ಇಷ್ಟು ವರ್ಷ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಏಕೆಂದರೆ ಎಡವುವುದು ಅಲ್ಲಿಯೇ.

ಸಮಸ್ಯೆ ಓದಿದ ಕೂಡಲೇ ಮೊದಲು ಮಾಡಬೇಕಾದ್ದೇನು?

ಲಿಂಗಾಣುಗಳನ್ನು (ತಂದೆ ತಾಯಿ ಮಗುವಿಗೆ ಕೊಡುವ ವೀರ್ಯಾಣು, ಅಂಡಾಣುಗಳನ್ನು) ಬರೆಯಿರಿ. ತಂದೆ ಯಾವ ಯಾವ ಲಿಂಗಾಣು ಕೊಡಬಲ್ಲ, ಯಾವುದು ಎಷ್ಟು ಪಾಲು ಎಂದು ಒಂದು ಸಾಲು. ತಾಯಿಗೆ ಇನ್ನೊಂದು ಸಾಲು. ಆಮೇಲೆ ಗುಣಿಸಿ. ಅನುಪಾತವನ್ನು ಬಾಯಿಪಾಠ ಮಾಡಿಕೊಂಡವರು ಈ ಎರಡು ಸಾಲುಗಳನ್ನು ಹಾರಿ ನೇರವಾಗಿ ಎರಡು ಗುಣಗಳ ಸಂಕರಣದ 9:3:3:1 ಎಂದು ಬರೆದುಬಿಡುತ್ತಾರೆ. ಪ್ರಶ್ನೆ ಒಂದಿಷ್ಟು ವಾಲಿದರೆ ಸಾಕು, ಉತ್ತರ ಮಗುಚಿಕೊಳ್ಳುತ್ತದೆ.

ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಕಡೆ ಬರುವ ಮೂರು ಬಗೆಯ ಲೆಕ್ಕಗಳೂ ನನ್ನ ಕಣ್ಣಿಗೆ ಒಂದೇ. ಮೆಂಡೆಲ್‌ನ ಲೆಕ್ಕದಲ್ಲಿ ಲಿಂಗಾಣುಗಳು ಇಬ್ಬರಿಂದ ಬರುತ್ತವೆ, ಸಮಪಾಲಿನಲ್ಲಿ ಬರುತ್ತವೆ. ಹಾರ್ಡಿ–ವೈನ್‌ಬರ್ಗ್ ಲೆಕ್ಕದಲ್ಲಿ ಇಡೀ ಊರೇ ತಂದೆ, ಇಡೀ ಊರೇ ತಾಯಿ. ಸಹಲಗ್ನತೆಯ (ಒಂದೇ ವರ್ಣತಂತಿನ ಮೇಲೆ ಹತ್ತಿರ ಇರುವ ಜೀನ್‌ಗಳು ಜೊತೆಯಾಗಿ ಇಳಿದು ಬರುವುದರ) ಲೆಕ್ಕದಲ್ಲಿ ಲಿಂಗಾಣುಗಳು ಸಮಪಾಲಿನಲ್ಲಿ ಇರುವುದಿಲ್ಲ. ಗುಣಾಕಾರ ಮೂರರಲ್ಲಿಯೂ ಅದೇ.

ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲವಲ್ಲ. ಅಲೀಲ್‌ಗಳನ್ನು (ಒಂದೇ ಜೀನ್‌ನ ಬೇರೆ ಬೇರೆ ರೂಪಗಳನ್ನು) ಬರೆಯುವುದು ಹೇಗೆ?

ಪರೀಕ್ಷೆಯಲ್ಲಿ ಪಠ್ಯಪುಸ್ತಕದ ಇಂಗ್ಲಿಷ್ ಅಕ್ಷರಗಳನ್ನೇ ಬರೆಯಿರಿ. ಮೌಲ್ಯಮಾಪಕರ ತಾಳ್ಮೆ ಪರೀಕ್ಷಿಸುವುದು ಬೇಡ. ಆದರೆ ನಮಗೆ ಇನ್ನೂ ಒಳ್ಳೆಯ ಉಪಾಯವಿದೆ: ಪ್ರಬಲಕ್ಕೆ ದೀರ್ಘ, ದುರ್ಬಲಕ್ಕೆ ಹ್ರಸ್ವ. ಬಟಾಣಿಯ ಗುಂಡು ಬೀಜಕ್ಕೆ ‘ಗೂ’, ಸುಕ್ಕು ಬೀಜಕ್ಕೆ ‘ಗು’. ಹಳದಿಗೆ ‘ಹಾ’, ಹಸಿರಿಗೆ ‘ಹ’. ಕೆಳಗೆ ಎಲ್ಲ ಕಡೆಯೂ ಇದೇ ಪದ್ಧತಿ. ಇಂಗ್ಲಿಷ್‌ನಲ್ಲಿ ಬರೆಯುವಾಗಲೂ ಎಸ್, ಸಿ, ಡಬ್ಲ್ಯು ಅಕ್ಷರಗಳನ್ನು ದೂರವಿಡಿ. ಅವುಗಳ ದೊಡ್ಡ ರೂಪ, ಚಿಕ್ಕ ರೂಪ ಒಂದೇ ತರಹ ಕಾಣುತ್ತವೆ; ಅವಸರದಲ್ಲಿ ಬರೆದದ್ದನ್ನು ಐದು ನಿಮಿಷದ ಮೇಲೆ ಬರೆದವರೇ ಓದಲಾರರು.

ಪ್ರಬಲ ಗುಣವೆಂದರೆ ಹೆಚ್ಚು ಜನರಲ್ಲಿ ಕಾಣುವ ಗುಣವೇ?

ಅಲ್ಲ. ಓ ರಕ್ತದ ಗುಂಪು ದುರ್ಬಲ ಅಲೀಲ್‌ನಿಂದ ಬಂದದ್ದು, ಆದರೂ ಓ ಗುಂಪಿನವರು ಪ್ರತಿ ಬೀದಿಯಲ್ಲಿ ಸಿಗುತ್ತಾರೆ. ಬೆರಳುಗಳು ಮೊಟಕಾಗಿರುವ ಬ್ರಾಕಿಡ್ಯಾಕ್ಟಿಲಿ ಪ್ರಬಲ ಗುಣ, ಆದರೂ ಅಪರೂಪ. ಪ್ರಬಲ ಎನ್ನುವುದು ಒಬ್ಬ ವ್ಯಕ್ತಿಯೊಳಗೆ ಎರಡು ಅಲೀಲ್‌ಗಳು ಕೂಡಿದಾಗ ಯಾವುದು ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಮಾತ್ರ ಹೇಳುವ ಮಾತು. ಊರಿನಲ್ಲಿ ಅದು ಎಷ್ಟಿದೆ ಎಂಬುದು ಬೇರೆಯೇ ಪ್ರಶ್ನೆ. 1908ರಲ್ಲಿ ದೊಡ್ಡ ದೊಡ್ಡ ವಿದ್ವಾಂಸರೂ ಇದೇ ಗೊಂದಲಕ್ಕೆ ಸಿಕ್ಕಿದ್ದರು. ಆ ಕಥೆ ಮುಂದೆ ಬರುತ್ತದೆ.

3:1 ಎಂದರೆ ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಕಾಯಿಲೆ ಬರುವುದು ಖಚಿತವೇ?

ಖಚಿತವಲ್ಲ. ಇಬ್ಬರು ವಾಹಕರಿಗೆ (ಕಾಯಿಲೆಯ ದುರ್ಬಲ ಅಲೀಲ್ ಒಂದೇ ಪ್ರತಿ ಇದ್ದು ತಾವು ಆರೋಗ್ಯವಾಗಿರುವವರಿಗೆ) ನಾಲ್ಕು ಮಕ್ಕಳಾದರೆ ನಾಲ್ವರೂ ಆರೋಗ್ಯವಾಗಿರುವ ಸಾಧ್ಯತೆ 3/4ನ್ನು ನಾಲ್ಕು ಸಲ ಗುಣಿಸಿದಷ್ಟು: 81/256, ಅಂದರೆ ಸುಮಾರು ನೂರಕ್ಕೆ 32. ನಿಖರವಾಗಿ ಒಬ್ಬರಿಗೆ ಮಾತ್ರ ಕಾಯಿಲೆ ಬರುವ ಸಾಧ್ಯತೆ 108/256, ಸುಮಾರು ನೂರಕ್ಕೆ 42. ‘ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂವರಿಗೆ ಭಯವಿಲ್ಲ’ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುವುದನ್ನು ಕೇಳಿದ್ದೇನೆ. ಪ್ರತಿ ಬಸಿರಿಗೂ ಲೆಕ್ಕ ಹೊಸದಾಗಿಯೇ ಶುರುವಾಗುತ್ತದೆ.

ಮೆಂಡೆಲ್‌ಗೆ 3:1 ಕಂಡದ್ದು ಆತ ಸಾವಿರಗಟ್ಟಲೆ ಎಣಿಸಿದ್ದರಿಂದ. ಗುಂಡು ಬೀಜ 5,474, ಸುಕ್ಕು ಬೀಜ 1,850, ಅನುಪಾತ 2.96:1. ಹತ್ತು ಬೀಜ ಎಣಿಸಿ ನಿಲ್ಲಿಸಿದ್ದರೆ ಏನೂ ಕಾಣುತ್ತಿರಲಿಲ್ಲ.

ನನ್ನ ತಮ್ಮನಿಗೆ ಥಲಸ್ಸೇಮಿಯಾ ಇದೆ, ನನಗಿಲ್ಲ. ನಾನು ವಾಹಕಿಯಾಗಿರುವ ಸಾಧ್ಯತೆ 1/2 ಅಲ್ಲವೇ? ಪುಸ್ತಕದಲ್ಲಿ 2/3 ಎಂದಿದೆ.

ಪುಸ್ತಕವೇ ಸರಿ. ತಂದೆ ತಾಯಿ ಇಬ್ಬರೂ ವಾಹಕರು ಎಂದಾಗ ಮಕ್ಕಳ ಪಾಲು 1:2:1 (ಕಾಯಿಲೆಯ ಅಲೀಲ್ ಇಲ್ಲದವರು, ವಾಹಕರು, ರೋಗಿಗಳು). ಆದರೆ ‘ನನಗೆ ಕಾಯಿಲೆ ಇಲ್ಲ’ ಎಂಬ ಸಂಗತಿ ಈಗಾಗಲೇ ನಮ್ಮ ಕೈಯಲ್ಲಿದೆ. ಆದ್ದರಿಂದ ನಾಲ್ಕರಲ್ಲಿ ರೋಗಿಯ ಒಂದು ಪಾಲನ್ನು ಅಳಿಸಬೇಕು. ಉಳಿದ ಮೂರರಲ್ಲಿ ಎರಡು ವಾಹಕರದು. ಗೊತ್ತಿರುವುದನ್ನು ಮೊದಲು ಅಳಿಸಿ, ಉಳಿದದ್ದರಲ್ಲಿ ಪಾಲು ಹಾಕುವುದು: ವಂಶವೃಕ್ಷದ ಸಮಸ್ಯೆಗಳಲ್ಲಿ ಅಂಕ ಹೋಗುವುದೇ ಇದನ್ನು ಮರೆತಾಗ.

ಮೆಂಡೆಲ್ ಇದನ್ನು ತೋಟದಲ್ಲಿಯೇ ಪರೀಕ್ಷಿಸಿದ್ದ. ಎರಡನೆಯ ಪೀಳಿಗೆಯ ಗುಂಡು ಬೀಜಗಳಿಂದ ಬೆಳೆಸಿದ 565 ಗಿಡಗಳಲ್ಲಿ 193 ಮಾತ್ರ ಬರೀ ಗುಂಡು ಬೀಜ ಕೊಟ್ಟವು. 372 ಎರಡೂ ಬಗೆಯನ್ನು ಕೊಟ್ಟವು. 372ನ್ನು 565ರಿಂದ ಭಾಗಿಸಿ ನೋಡಿ, 2/3ರ ಪಕ್ಕದಲ್ಲಿಯೇ ಬಂದು ನಿಲ್ಲುತ್ತದೆ.

ಲೆಕ್ಕ ಮುಂದುವರಿಸಿದರೆ, ಇವಳು ಮದುವೆಯಾಗುವವನು 50ರಲ್ಲಿ ಒಬ್ಬರು ವಾಹಕರಿರುವ ಸಮುದಾಯದವನು ಎಂದು ಪ್ರಶ್ನೆಯಲ್ಲಿದ್ದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 2/3 × 1/50 × 1/4 = 1/300. ಇದು ಉತ್ತರಪತ್ರಿಕೆಗೆ. ನಿಜ ಜೀವನದಲ್ಲಿ ಈ ಗುಣಾಕಾರ ಹಾಕುತ್ತ ಕೂರಬೇಡಿ. ವಾಹಕರು ಹೌದೋ ಅಲ್ಲವೋ ಎಂಬುದನ್ನು ರಕ್ತಪರೀಕ್ಷೆಯೇ ಹೇಳುತ್ತದೆ.

ಎರಡು ಗುಣಗಳ ಸಂಕರಣಕ್ಕೆ 16 ಮನೆಯ ಪುನೆಟ್ ಚೌಕ (ತಂದೆಯ ಲಿಂಗಾಣುಗಳನ್ನು ಒಂದು ಬದಿ, ತಾಯಿಯವನ್ನು ಇನ್ನೊಂದು ಬದಿ ಬರೆದು ತುಂಬುವ ಚೌಕ) ಹಾಕಲೇಬೇಕೇ?

ಒಂದು ಸಲ ಹಾಕಿ, ಅರ್ಥವಾಗಲಿ. ಮತ್ತೆ ಹಾಕಬೇಡಿ. ಗೂಗು ಹಾಹ ಗಿಡದಿಂದ ನಾಲ್ಕು ಬಗೆಯ ಲಿಂಗಾಣುಗಳು: ಗೂಹಾ, ಗೂಹ, ಗುಹಾ, ಗುಹ, ತಲಾ 1/4. ಎರಡು ಗುಣಗಳು ಒಂದರ ಗೊಡವೆಗೆ ಇನ್ನೊಂದು ಹೋಗುವುದಿಲ್ಲ ಎಂದಾದ ಮೇಲೆ ಅವನ್ನು ಬೇರೆ ಬೇರೆಯಾಗಿಯೇ ಬಿಡಿಸಿ ಗುಣಿಸಬಹುದು. ಗುಂಡು 3/4, ಹಸಿರು 1/4. ಗುಂಡು ಹಸಿರು 3/16. ಮೂರು ಗುಣ ಬಂದರೆ ಚೌಕಕ್ಕೆ 64 ಮನೆ ಬೇಕು, ಗುಣಾಕಾರಕ್ಕೆ ಒಂದೇ ಸಾಲು.

ಅನುಪಾತ ಹೊಂದುತ್ತದೆಯೋ ಇಲ್ಲವೋ ಎಂದು ಕಾಯ್-ವರ್ಗದಿಂದ (ಎಣಿಸಿದ ಸಂಖ್ಯೆ ಬರಬೇಕಾದದ್ದಕ್ಕೆ ಎಷ್ಟು ಹತ್ತಿರ ಎಂದು ಅಳೆಯುವ ಲೆಕ್ಕದಿಂದ) ನೋಡುವುದು ಹೇಗೆ?

ಮೆಂಡೆಲ್‌ನ ಅಂಕಿಗಳನ್ನೇ ತೆಗೆದುಕೊಳ್ಳೋಣ. 556 ಬೀಜಗಳಲ್ಲಿ ಗುಂಡು ಹಳದಿ 315, ಗುಂಡು ಹಸಿರು 108, ಸುಕ್ಕು ಹಳದಿ 101, ಸುಕ್ಕು ಹಸಿರು 32. 9:3:3:1ರಂತೆ ಬರಬೇಕಾದದ್ದು 312.75, 104.25, 104.25, 34.75. ಪ್ರತಿಯೊಂದರಲ್ಲಿಯೂ ವ್ಯತ್ಯಾಸವನ್ನು ವರ್ಗ ಮಾಡಿ, ಬರಬೇಕಾದ ಸಂಖ್ಯೆಯಿಂದ ಭಾಗಿಸಿ, ಎಲ್ಲವನ್ನೂ ಕೂಡಿ: 0.47. ಬೀಜಗಳ ಬಗೆ ನಾಲ್ಕು ಇರುವುದರಿಂದ ಸ್ವಾತಂತ್ರ್ಯದ ಮಾತ್ರೆ (ಬಗೆಗಳ ಸಂಖ್ಯೆಗಿಂತ ಒಂದು ಕಡಿಮೆ) 3. ನೂರಕ್ಕೆ ಐದರ ಮಟ್ಟದ ಗಡಿ 7.815; ಬರೀ ಆಕಸ್ಮಿಕವಾಗಿ ಇದನ್ನು ಮೀರುವುದು ನೂರಕ್ಕೆ ಐದೇ ಸಲ. ನಮ್ಮ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ, ಆದ್ದರಿಂದ ಹೊಂದುತ್ತದೆ. ಶೇಕಡಾವಾರು ಹಾಕಿ ಕಾಯ್-ವರ್ಗ ಮಾಡಬೇಡಿ, ಎಣಿಕೆಯ ಸಂಖ್ಯೆಗಳೇ ಇರಬೇಕು.

ಇಬ್ಬರೂ ಓ ಗುಂಪಿನವರು, ಮಗು ಬಿ ಗುಂಪು. ಸಾಧ್ಯವೇ?

‘ಇಲ್ಲ’ ಎಂದು ಬರೆದರೆ ಸಾಧಾರಣ ಪ್ರಶ್ನೆಗೆ ಅಂಕ ಸಿಗುತ್ತದೆ. ಆದರೆ 1952ರಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದ ರಕ್ತದ ಗುಂಪೊಂದಿದೆ, ಇಂದಿಗೂ ಅದರ ಹೆಸರು ಬಾಂಬೆ ಗುಂಪು. ಎ ಮತ್ತು ಬಿ ಪ್ರತಿಜನಕಗಳು (ಕೆಂಪು ರಕ್ತಕಣದ ಮೇಲಿನ ಗುರುತುಗಳು) ಎಚ್ ಎಂಬ ಇನ್ನೊಂದು ವಸ್ತುವಿನ ಮೇಲೆ ಕೂರಬೇಕು. ಎಚ್ ತಯಾರಿಸುವ ಜೀನ್‌ನ ಎರಡೂ ಪ್ರತಿಗಳು ಕೆಟ್ಟಿದ್ದರೆ ಎಚ್ ಇಲ್ಲ. ಗೋಡೆಯೇ ಇಲ್ಲದ ಮೇಲೆ ಬಣ್ಣ ಬಳಿಯುವುದೆಲ್ಲಿ? ಅಂಥವರೊಳಗೆ ಬಿ ಅಲೀಲ್ ಇದ್ದರೂ ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆ. ಇನ್ನೊಬ್ಬರು ನಿಜವಾದ ಓ ಆಗಿದ್ದು ಅವರಿಂದ ಎಚ್‌ನ ಒಳ್ಳೆಯ ಪ್ರತಿ ಬಂದರೆ ಮಗುವಿನಲ್ಲಿ ಬಿ ಪ್ರಕಟವಾಗುತ್ತದೆ.

ಲೆಕ್ಕವಾಗಿ ಬಂದಾಗ ಹೀಗೆ ಬಿಡಿಸಿ. ತಂದೆ ತಾಯಿ ಇಬ್ಬರೂ ಎಬಿ ಗುಂಪು, ಇಬ್ಬರೂ ಎಚ್ ಜೀನ್‌ನಲ್ಲಿ ವಿಷಮಯುಗ್ಮಜರು (ಒಂದು ಒಳ್ಳೆಯ, ಒಂದು ಕೆಟ್ಟ ಪ್ರತಿ ಇರುವವರು). ರಕ್ತದ ಗುಂಪು ಮಾತ್ರ ನೋಡಿದರೆ ಎ 1/4, ಎಬಿ 1/2, ಬಿ 1/4. ಅದಕ್ಕೆ 3/4ರ ಗುಣಾಕಾರ. ಉಳಿದ 1/4 ಪಾಲು ಏನೇ ಇದ್ದರೂ ಓ ಎಂದು ತೋರುತ್ತದೆ. ಉತ್ತರ, 16ರಲ್ಲಿ: ಎ 3, ಎಬಿ 6, ಬಿ 3, ಓ 4. ಮೇಲೆ ಹೇಳಿದಂತೆ ಬೇರೆ ಬೇರೆ ಬಿಡಿಸಿ ಗುಣಿಸಿದೆವು ಅಷ್ಟೆ.

ಒಂದು ಮಾತು: ಈ ಅಧ್ಯಾಯ ಓದಿ ಮನೆಯವರ ರಕ್ತದ ಗುಂಪುಗಳನ್ನು ಜೋಡಿಸಿ ಯಾರ ಮೇಲಾದರೂ ಅನುಮಾನ ಪಡುವ ಕೆಲಸ ಬೇಡ. ಶಿಬಿರದಲ್ಲಿ ಅವಸರದಿಂದ ಬರೆದುಕೊಟ್ಟ ರಕ್ತದ ಗುಂಪಿನ ಚೀಟಿಯೂ ತಪ್ಪಿರಬಹುದು.

ನಮ್ಮ ತಂದೆ ರೈತರು. ಸಂಕರ ಹತ್ತಿಯ ಬೀಜ ಉಳಿಸಿ ಬಿತ್ತಬಾರದು, ರಾಗಿಯ ಬೀಜ ಉಳಿಸಬಹುದು ಎನ್ನುತ್ತಾರೆ. ಇದಕ್ಕೂ ಮೆಂಡೆಲ್‌ಗೂ ಸಂಬಂಧವಿದೆಯೇ?

ಪೂರ್ತಿ ಸಂಬಂಧವಿದೆ. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕತರಕಿ ಅವರು ರೂಪಿಸಿದ ವರಲಕ್ಷ್ಮಿ ಹತ್ತಿ ಎರಡು ಬೇರೆ ಪ್ರಭೇದಗಳ ಸಂಕರ. ಹೊಲದಲ್ಲಿರುವ ಗಿಡಗಳೆಲ್ಲ ಎಫ್1 (ಸಂಕರದ ಮೊದಲ ಪೀಳಿಗೆ), ಎಲ್ಲವೂ ಒಂದೇ ತರಹದ ವಿಷಮಯುಗ್ಮಜಗಳು. ಅವುಗಳ ಬೀಜ ಬಿತ್ತಿದರೆ ಬರುವುದು ಎಫ್2, ಎರಡನೆಯ ಪೀಳಿಗೆ. ಬರೀ ಹತ್ತು ಜೀನ್‌ಗಳಲ್ಲಿ ವ್ಯತ್ಯಾಸವಿದೆ ಎಂದುಕೊಂಡರೂ ತಾಯಿಗಿಡದಂತೆ ಹತ್ತರಲ್ಲಿಯೂ ವಿಷಮಯುಗ್ಮಜವಾಗಿರುವ ಗಿಡ 1,024ಕ್ಕೆ ಒಂದು. ಉಳಿದವು ದಿಕ್ಕಿಗೊಂದಾಗಿ ಚೆದುರುತ್ತವೆ.

ರಾಗಿಯ ಕಥೆ ಬೇರೆ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ತಂದರು. ಅದೂ ಸಂಕರಣವೇ, ಆದರೆ ಅಲ್ಲಿಗೆ ನಿಲ್ಲಲಿಲ್ಲ. ರಾಗಿಯಲ್ಲಿ ಸ್ವಪರಾಗಸ್ಪರ್ಶ. ಪ್ರತಿ ಪೀಳಿಗೆಗೂ ವಿಷಮಯುಗ್ಮಜತೆ ಅರ್ಧವಾಗುತ್ತ ಆರು ಪೀಳಿಗೆಗೆ 1/64ಕ್ಕೆ ಇಳಿಯುತ್ತದೆ. ಆರಿಸಿ ಆರಿಸಿ ತಳಿ ಶುದ್ಧವಾದ ಮೇಲೆ ರೈತರ ಕೈಗೆ ಬಂದದ್ದರಿಂದ ಅದರ ಬೀಜ ಉಳಿಸಿ ಬಿತ್ತಿದರೆ ಮೋಸವಿಲ್ಲ.

ಲಿಂಗ ಸಹಲಗ್ನ ಗುಣಗಳಲ್ಲಿ (ಜೀನ್ ಲಿಂಗ ವರ್ಣತಂತಿನ ಮೇಲಿರುವ ಗುಣಗಳಲ್ಲಿ) ಗಮನಿಸಬೇಕಾದದ್ದೇನು?

ತಂದೆಯ ಎಕ್ಸ್ ವರ್ಣತಂತು ಮಗನಿಗೆ ಹೋಗುವುದಿಲ್ಲ. ವಂಶವೃಕ್ಷದಲ್ಲಿ ಮಗನಿಗೆ ಹಿಮೋಫೀಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇದ್ದರೆ ತಾಯಿಯ ಕಡೆ ಹುಡುಕಿ. ಜನಸಮುದಾಯದ ಲೆಕ್ಕ ಬಂದರೆ ಇನ್ನೂ ಸುಲಭ: ಗಂಡಸಿಗೆ ಒಂದೇ ಎಕ್ಸ್ ಇರುವುದರಿಂದ ಗಂಡಸರಲ್ಲಿ ಕಾಣುವ ಪ್ರಮಾಣವೇ ಅಲೀಲ್‌ನ ಪ್ರಮಾಣ. ನೂರು ಗಂಡಸರಲ್ಲಿ ಎಂಟು ಮಂದಿಗೆ ವರ್ಣಾಂಧತೆ ಎಂದು ಕೊಟ್ಟಿದ್ದರೆ ಹೆಂಗಸರಲ್ಲಿ 0.08 × 0.08, ಅಂದರೆ ಹತ್ತು ಸಾವಿರಕ್ಕೆ 64.

ರೇಷ್ಮೆ ಹುಳುವಿನ ಪ್ರಶ್ನೆ ಬಂದರೆ ಎಲ್ಲವನ್ನೂ ತಿರುಗಿಸಿಕೊಳ್ಳಿ. ಅಲ್ಲಿ ಹೆಣ್ಣಿಗೆ ಝಡ್ ಮತ್ತು ಡಬ್ಲ್ಯು, ಗಂಡಿಗೆ ಎರಡೂ ಝಡ್. ಕೋಳಿಗಳಲ್ಲಿಯೂ ಹೀಗೆಯೇ. ರಾಮನಗರದ ಗೂಡಿನ ಮಾರುಕಟ್ಟೆ ನೋಡಿ ಬೆಳೆದ ಮಕ್ಕಳೂ ಇದರಲ್ಲಿ ಎಡವುತ್ತಾರೆ.

ಹಾರ್ಡಿ–ವೈನ್‌ಬರ್ಗ್ ಎಂದರೆ ನಿಜವಾಗಿ ಏನು? ಸೂತ್ರ ಗೊತ್ತು, ಅರ್ಥ ಗೊತ್ತಿಲ್ಲ.

ಊರಿನವರೆಲ್ಲ ತಮ್ಮ ಲಿಂಗಾಣುಗಳನ್ನು ಒಂದು ಕೊಪ್ಪರಿಗೆಗೆ ಸುರಿದರು ಎಂದುಕೊಳ್ಳಿ. ಅದರಲ್ಲಿ ಪ್ರಬಲ ಅಲೀಲ್ ಇರುವವು ‘ಪಿ’ ಪಾಲು, ದುರ್ಬಲ ಇರುವವು ‘ಕ್ಯೂ’ ಪಾಲು. ಕಣ್ಣುಮುಚ್ಚಿ ಎರಡನ್ನು ತೆಗೆಯಿರಿ. ಎರಡೂ ಪ್ರಬಲವಾಗಿರುವ ಸಾಧ್ಯತೆ ಪಿ², ಎರಡೂ ದುರ್ಬಲವಾಗಿರುವುದು ಕ್ಯೂ², ಒಂದೊಂದು ಬರುವುದು ಎರಡು ದಾರಿಯಲ್ಲಿ, ಆದ್ದರಿಂದ 2 × ಪಿ × ಕ್ಯೂ. ಪುನೆಟ್ ಚೌಕದಲ್ಲಿ 1/2, 1/2 ಇದ್ದ ಜಾಗದಲ್ಲಿ ಪಿ, ಕ್ಯೂ ಬಂದಿವೆ, ಬೇರೇನೂ ಆಗಿಲ್ಲ.

ಈಗ ಆ ಕಥೆ. ಮೆಂಡೆಲ್‌ನ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದ ಮೇಲೆ, ಬ್ರಾಕಿಡ್ಯಾಕ್ಟಿಲಿ ಪ್ರಬಲವಾದರೆ ಕಾಲಕ್ರಮೇಣ ಜನರಲ್ಲಿ ಮುಕ್ಕಾಲು ಪಾಲು ಮೊಟಕು ಬೆರಳಿನವರೇ ಆಗಬೇಕಲ್ಲ ಎಂಬ ಆಕ್ಷೇಪ ಬಂತು. ಚೌಕದ ಹೆಸರಿನ ಪುನೆಟ್ ಅವರಿಗೆ ಇದು ತಪ್ಪೆಂದು ಗೊತ್ತು, ಆದರೆ ಸಾಧಿಸಿ ತೋರಿಸಲಾಗಲಿಲ್ಲ. ಕೇಂಬ್ರಿಜ್‌ನಲ್ಲಿ ತಮ್ಮ ಜೊತೆ ಕ್ರಿಕೆಟ್ ಆಡುತ್ತಿದ್ದ ಗಣಿತಜ್ಞ ಜಿ. ಎಚ್. ಹಾರ್ಡಿಯವರ ಮುಂದೆ ಇಟ್ಟರು. ಮಗ್ಗಿಯ ಮಟ್ಟದ ಗಣಿತ ಸಾಕು ಎಂದು ಹೇಳಿ ಹಾರ್ಡಿ 1908ರಲ್ಲಿ ಒಂದು ಪುಟ್ಟ ಪತ್ರದಲ್ಲಿ ಉತ್ತರ ಮುಗಿಸಿದರು: ಪಿ, ಕ್ಯೂ ಪಾಲುಗಳು ಪೀಳಿಗೆಯಿಂದ ಪೀಳಿಗೆಗೆ ಹಾಗೆಯೇ ಉಳಿಯುತ್ತವೆ, ಪ್ರಬಲ ಎಂಬ ಕಾರಣಕ್ಕೇ ಯಾವುದೂ ಹೆಚ್ಚುವುದಿಲ್ಲ. ಐದು ವರ್ಷದ ಮೇಲೆ ಮದ್ರಾಸಿನಿಂದ ಶ್ರೀನಿವಾಸ ರಾಮಾನುಜನ್ ಪತ್ರ ಬರೆದದ್ದು ಇದೇ ಹಾರ್ಡಿಗೆ. ಸ್ಟುಟ್‌ಗಾರ್ಟ್‌ನ ವೈದ್ಯ ವೈನ್‌ಬರ್ಗ್ ಅದೇ ವರ್ಷ ಬೇರೆಯಾಗಿ ಇದೇ ಫಲಿತಾಂಶ ಕಂಡಿದ್ದರು.

ಹತ್ತು ಸಾವಿರಕ್ಕೆ ಒಬ್ಬರಿಗೆ ಕಾಯಿಲೆ ಇದ್ದರೆ ವಾಹಕರು ಎಷ್ಟು?

ಕ್ಯೂ² = 0.0001, ಕ್ಯೂ = 0.01, ಪಿ = 0.99. ವಾಹಕರು 2 × 0.99 × 0.01 = 0.0198, ಸುಮಾರು ಐವತ್ತಕ್ಕೆ ಒಬ್ಬರು. ಒಬ್ಬ ರೋಗಿಯ ಹಿಂದೆ ಸುಮಾರು 200 ವಾಹಕರು. ಕಾಯಿಲೆಯ ಅಲೀಲ್‌ಗಳಲ್ಲಿ ಹೆಚ್ಚಿನವು ಆರೋಗ್ಯವಂತರ ಮೈಯಲ್ಲಿಯೇ ಅಡಗಿ ಕೂತಿವೆ.

ಶುರು ಮಾಡುವುದು ಯಾವಾಗಲೂ ದುರ್ಬಲ ಗುಣದಿಂದ. ಪ್ರಬಲ ಗುಣ ನೂರಕ್ಕೆ 84 ಎಂದು ಕೊಟ್ಟರೆ 0.84ಕ್ಕೆ ವರ್ಗಮೂಲ ತೆಗೆಯಬೇಡಿ, ಅದರೊಳಗೆ ಎರಡು ಬಗೆಯವರು ಸೇರಿದ್ದಾರೆ. 1ರಿಂದ ಕಳೆದು 0.16 ಮಾಡಿ, ಅದರ ವರ್ಗಮೂಲ 0.4 ತೆಗೆಯಿರಿ.

ಮೂರೂ ಜೀನೋಟೈಪ್‌ಗಳ (ಅಲೀಲ್ ಜೋಡಿಗಳ) ಸಂಖ್ಯೆ ಕೊಟ್ಟು ‘ಸಮತೋಲನದಲ್ಲಿದೆಯೇ’, ಅಂದರೆ ಪಿ², 2 × ಪಿ × ಕ್ಯೂ, ಕ್ಯೂ² ಪಾಲಿನಲ್ಲಿದೆಯೇ ಎಂದು ಕೇಳಿದರೆ?

ಆಗ ವರ್ಗಮೂಲದ ಹತ್ತಿರ ಹೋಗಲೇಬೇಡಿ. ಮೂರೂ ಕಣ್ಣಿಗೆ ಕಾಣುವಾಗ ಅಲೀಲ್‌ಗಳನ್ನು ಎಣಿಸುವುದಷ್ಟೇ ಕೆಲಸ. ಎಂಎನ್ ರಕ್ತದ ಗುಂಪಿನ ಒಂದು ಕಲ್ಪಿತ ಊರು: ಎಂಎಂ 360, ಎಂಎನ್ 380, ಎನ್‌ಎನ್ 260. ಸಾವಿರ ಜನ, ಎರಡು ಸಾವಿರ ಅಲೀಲ್. ಎಂ ಅಲೀಲ್‌ಗಳು 720 + 380 = 1,100; ಪಿ = 0.55. ಸಮತೋಲನವಿದ್ದರೆ 302.5, 495, 202.5 ಇರಬೇಕಿತ್ತು. ಕಾಯ್-ವರ್ಗ ಸುಮಾರು 54. ಮೂರು ವರ್ಗ ಇದ್ದರೂ ಸ್ವಾತಂತ್ರ್ಯದ ಮಾತ್ರೆ ಇಲ್ಲಿ 1, ಏಕೆಂದರೆ ಪಿಯನ್ನು ಇದೇ ಅಂಕಿಗಳಿಂದ ತೆಗೆದಿದ್ದೇವೆ. ಗಡಿ 3.84. ಸಮತೋಲನವಿಲ್ಲ.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಯಾವ ಕಡೆ ವಾಲಿದೆ ಎಂದೂ ನೋಡಿ: ವಿಷಮಯುಗ್ಮಜರು 495 ಇರಬೇಕಾದಲ್ಲಿ 380 ಇದ್ದಾರೆ. ವಿಷಮಯುಗ್ಮಜರು ಕಡಿಮೆಯಾದರೆ ಒಳಬಾಂಧವ್ಯದ ಮದುವೆಗಳಿರಬಹುದು, ಅಥವಾ ಬೆರೆಯದ ಎರಡು ಸಮುದಾಯಗಳನ್ನು ಒಂದೇ ಎಂದು ಎಣಿಸಿರಬಹುದು.

ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿಯನ್ನು ಈ ಲೆಕ್ಕಕ್ಕೆ ತರುವುದು ಹೇಗೆ?

ನಮ್ಮ ಕಡೆಯ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ. ತರಗತಿಯಲ್ಲಿ ಒಂದಿಬ್ಬರಾದರೂ ಅಂಥ ಮನೆಯಿಂದ ಬಂದಿರುತ್ತಾರೆ. ಆದ್ದರಿಂದ ಬೈಯದೆ, ಹೆದರಿಸದೆ ಲೆಕ್ಕ ಮಾತ್ರ ಮಾಡೋಣ.

ಮಗುವಿಗೆ ಒಂದೇ ಪೂರ್ವಜರ ಒಂದೇ ಅಲೀಲ್ ತಂದೆಯಿಂದಲೂ ತಾಯಿಯಿಂದಲೂ ಬರುವ ಸಾಧ್ಯತೆಯನ್ನು ಒಳಸಂಕರಣದ ಗುಣಾಂಕ ಎನ್ನುತ್ತಾರೆ. ಸೋದರಮಾವ, ಅವನ ತಾಯಿ, ಅವನ ಅಕ್ಕ, ಅಕ್ಕನ ಮಗಳು: ದಾರಿಯಲ್ಲಿ ನಾಲ್ವರು. 1/2ನ್ನು ನಾಲ್ಕು ಸಲ ಗುಣಿಸಿದರೆ 1/16. ಮಾವನ ತಂದೆಯ ಮೂಲಕ ಇಂಥದೇ ಇನ್ನೊಂದು ದಾರಿ. ಎರಡೂ ಸೇರಿ 1/8. ಅತ್ತೆಯ ಮಗ, ಮಾವನ ಮಗಳು ಎಂದಾದರೆ ದಾರಿಯಲ್ಲಿ ಐವರು. ಎರಡು ದಾರಿ ಸೇರಿ 1/16.

ಇನ್ನು ದುರ್ಬಲ ಕಾಯಿಲೆಯ ಸಾಧ್ಯತೆ: ಕ್ಯೂ² + ಗುಣಾಂಕ × ಪಿ × ಕ್ಯೂ. ಮೇಲಿನ ಕಾಯಿಲೆಯನ್ನೇ ತೆಗೆದುಕೊಂಡರೆ 0.0001 + 0.0012375 = 0.0013375. ಹತ್ತು ಸಾವಿರಕ್ಕೆ ಒಂದು ಇದ್ದದ್ದು ಹದಿಮೂರಕ್ಕೆ ಏರಿತು. ಅದೇ ಕ್ಯೂ 0.1 ಇರುವ ಸಾಮಾನ್ಯ ಅಲೀಲ್ ಆಗಿದ್ದರೆ 0.01 ಇದ್ದದ್ದು 0.02125 ಆಗುತ್ತದೆ, ಎರಡು ಪಟ್ಟು ಅಷ್ಟೆ. ಕಾಯಿಲೆ ಎಷ್ಟು ಅಪರೂಪವೋ ನೆಂಟಸ್ತಿಕೆಯ ಮದುವೆಯಿಂದ ಅದರ ಏರಿಕೆ ಅಷ್ಟು ಕಡಿದು. ಹದಿಮೂರು ಪಟ್ಟು ಎಂಬ ಮಾತಿನ ಜೊತೆಗೆ, ಈ ಒಂದು ಕಾಯಿಲೆಯ ಮಟ್ಟಿಗೆ ಸುಮಾರು 750ರಲ್ಲಿ 749 ಮಕ್ಕಳಿಗೆ ಅದು ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಇಂಥ ಅಪರೂಪದ ಕಾಯಿಲೆಗಳು ಒಂದಲ್ಲ, ನೂರಾರು ಇವೆ; ಒಟ್ಟು ಭಾರ ಕೂಡುತ್ತ ಹೋಗುತ್ತದೆ.

ಕಾಯಿಲೆ ಕೊಲ್ಲುವಂಥದ್ದಾದರೆ ಅಲೀಲ್ ಏಕೆ ಅಳಿದುಹೋಗುವುದಿಲ್ಲ?

ಕುಡಗೋಲು ಕಣ ರೋಗ (ಸಿಕಲ್ ಸೆಲ್) ಇದಕ್ಕೆ ಒಳ್ಳೆಯ ಉದಾಹರಣೆ. ಭಾರತದಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1952ರಲ್ಲಿ, ನಮ್ಮ ಗಡಿಗೆ ತಾಗಿದ ನೀಲಗಿರಿಯ ಬುಡಕಟ್ಟು ಜನರಲ್ಲಿ. ಒಂದೇ ಪ್ರತಿ ಇರುವವರಿಗೆ ಮಲೇರಿಯಾದಿಂದ ರಕ್ಷಣೆ ಹೆಚ್ಚು, ಎರಡು ಪ್ರತಿ ಇರುವವರಿಗೆ ರೋಗ. ಸಾಮಾನ್ಯ ಸಮಯುಗ್ಮಜರಿಗೆ (ಎರಡೂ ಪ್ರತಿ ಸಾಮಾನ್ಯವಾಗಿರುವವರಿಗೆ) ಮಲೇರಿಯಾದಿಂದಾಗುವ ನಷ್ಟ 0.15, ರೋಗಿಗಳ ನಷ್ಟ 0.8 ಎಂದು ಪ್ರಶ್ನೆಯಲ್ಲಿ ಕೊಟ್ಟರೆ ಅಲೀಲ್ ನಿಲ್ಲುವ ಪ್ರಮಾಣ 0.15 ÷ (0.15 + 0.8), ಅಂದರೆ 0.15 ÷ 0.95, ಸುಮಾರು 0.16. ಎರಡು ಕಡೆಯಿಂದ ಎಳೆತ ಇರುವುದರಿಂದ ನಡುವೆ ಒಂದು ಕಡೆ ನಿಲ್ಲುತ್ತದೆ.

ಎರಡು ಜೀನ್‌ಗಳು ಸಹಲಗ್ನವಾಗಿವೆ ಎಂದು ಗುರುತಿಸುವುದು ಹೇಗೆ?

ಪರೀಕ್ಷಾ ಸಂಕರಣದ (ಎಲ್ಲ ಗುಣಗಳೂ ದುರ್ಬಲವಾಗಿರುವ ಪೋಷಕನೊಂದಿಗೆ ಮಾಡುವ ಸಂಕರಣದ) ಫಲಿತಾಂಶ 1:1:1:1 ಬರದೆ ಎರಡು ದೊಡ್ಡ, ಎರಡು ಚಿಕ್ಕ ಸಂಖ್ಯೆಗಳು ಬಂದರೆ. ಅಮೆರಿಕದ ತಳಿವಿಜ್ಞಾನಿ ಮಾರ್ಗನ್ ಹಣ್ಣು ನೊಣಗಳಲ್ಲಿ ಕಂಡದ್ದು ಹೀಗೆ: ಬೂದು ಮೈ, ಪೂರ್ಣ ರೆಕ್ಕೆ 965; ಕಪ್ಪು ಮೈ, ಮೊಟಕು ರೆಕ್ಕೆ 944; ಬೂದು ಮೈ, ಮೊಟಕು ರೆಕ್ಕೆ 206; ಕಪ್ಪು ಮೈ, ಪೂರ್ಣ ರೆಕ್ಕೆ 185. ದೊಡ್ಡ ಎರಡು ಪೋಷಕರ ಜೋಡಣೆ, ಚಿಕ್ಕ ಎರಡು ಮರುಸಂಯೋಜಿತ, ಅಂದರೆ ಹೊಸ ಜೋಡಣೆ. 391ನ್ನು 2,300ರಿಂದ ಭಾಗಿಸಿದರೆ ನೂರಕ್ಕೆ 17. ಜೀನ್‌ಗಳ ನಕ್ಷೆಯಲ್ಲಿ ಇವುಗಳ ಅಂತರ 17 ಸೆಂಟಿಮಾರ್ಗನ್; ನೂರಕ್ಕೆ ಒಂದು ಮರುಸಂಯೋಜನೆ ಎಂದರೆ ಒಂದು ಸೆಂಟಿಮಾರ್ಗನ್.

ಪರೀಕ್ಷಾ ಸಂಕರಣವನ್ನೇ ಏಕೆ ಮಾಡುತ್ತಾರೆ? ಒಂದು ಕಡೆಯ ಪೋಷಕ ದುರ್ಬಲ ಅಲೀಲ್‌ಗಳನ್ನಷ್ಟೇ ಕೊಟ್ಟಾಗ ಇನ್ನೊಂದು ಕಡೆಯ ಲಿಂಗಾಣು ಹಾಗೆಯೇ ಮರಿಯ ಮೈಮೇಲೆ ಕಾಣುತ್ತದೆ. ನೊಣ ಎಣಿಸಿದರೆ ಲಿಂಗಾಣು ಎಣಿಸಿದಂತೆಯೇ.

ಸಹಲಗ್ನ ಜೀನ್‌ಗಳ ಎಫ್2 ಅನುಪಾತ ಕೇಳಿದರೆ?

ಲಿಂಗಾಣುಗಳ ಪಾಲು ಬರೆಯಿರಿ. ಬೂದು ‘ಬೂ’, ಕಪ್ಪು ‘ಬು’. ಪೂರ್ಣ ರೆಕ್ಕೆ ‘ರೇ’, ಮೊಟಕು ‘ರೆ’. ಬೂರೇ 0.415, ಬುರೆ 0.415, ಬೂರೆ 0.085, ಬುರೇ 0.085. ಎರಡೂ ದುರ್ಬಲ ಗುಣ ಇರುವ ಮರಿ 0.415 × 0.415, ಅಂದರೆ 0.172 ಎಂದು ಬರೆಯುತ್ತೀರಿ. ಗಿಡವಾಗಿದ್ದರೆ ಸರಿ. ನೊಣಕ್ಕೆ ತಪ್ಪು!

ಗಂಡು ಹಣ್ಣು ನೊಣದಲ್ಲಿ ಕ್ರಾಸಿಂಗ್ ಓವರ್ (ಜೋಡಿ ವರ್ಣತಂತುಗಳು ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುವುದು) ಆಗುವುದೇ ಇಲ್ಲ. ಅದರ ಲಿಂಗಾಣುಗಳು ಎರಡೇ ಬಗೆ, ತಲಾ 0.5. ಆದ್ದರಿಂದ 0.415 × 0.5 = 0.2075. ರೇಷ್ಮೆ ಹುಳುವಿನಲ್ಲಿ ಇದು ತಿರುವುಮುರುವು: ಕ್ರಾಸಿಂಗ್ ಓವರ್ ಇಲ್ಲದ್ದು ಹೆಣ್ಣಿನಲ್ಲಿ. ಎರಡರಲ್ಲಿಯೂ ಬೇರೆ ಬೇರೆ ಲಿಂಗ ವರ್ಣತಂತುಗಳಿರುವ ಲಿಂಗಕ್ಕೇ ಈ ನಿರ್ಬಂಧ ಎಂದು ನೆನಪಿಟ್ಟುಕೊಂಡರೆ ಗೊಂದಲವಿಲ್ಲ.

ಎಫ್1ಗೆ ಅಲೀಲ್‌ಗಳು ಹೇಗೆ ಜೋಡಿಯಾಗಿ ಬಂದಿದ್ದವು ಎಂಬುದನ್ನೂ ನೋಡಿ. ಒಬ್ಬ ಪೋಷಕನಿಂದ ಬೂರೆ, ಇನ್ನೊಬ್ಬರಿಂದ ಬುರೇ ಬಂದಿದ್ದರೆ ದೊಡ್ಡ ಪಾಲು ಅವುಗಳದ್ದು. ಬುರೆ ಲಿಂಗಾಣು ಆಗ ಹೆಣ್ಣು ನೊಣದಲ್ಲಿ 0.085 ಮಾತ್ರ, ಗಂಡಿನಲ್ಲಿ ಇಲ್ಲವೇ ಇಲ್ಲ.

ಮರುಸಂಯೋಜನೆ ನೂರಕ್ಕೆ 50 ಮೀರುವುದಿಲ್ಲ ಏಕೆ?

ಒಂದು ಕ್ರಾಸಿಂಗ್ ಓವರ್‌ನಲ್ಲಿ ವರ್ಣತಂತು ಜೋಡಿಯ ನಾಲ್ಕು ಎಳೆಗಳ ಪೈಕಿ ಎರಡು ಮಾತ್ರ ಭಾಗಿ. ಜೀನ್‌ಗಳು ದೂರ ಇದ್ದಷ್ಟೂ ಎರಡು, ಮೂರು ಕ್ರಾಸಿಂಗ್ ಓವರ್‌ಗಳಾಗಿ ಒಂದು ಮಾಡಿದ್ದನ್ನು ಇನ್ನೊಂದು ಕೆಡಿಸುತ್ತ ಸರಾಸರಿ ಅರ್ಧದಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಒಂದೇ ವರ್ಣತಂತಿನ ಎರಡು ತುದಿಯ ಜೀನ್‌ಗಳು ಬೇರೆ ವರ್ಣತಂತುಗಳ ಮೇಲಿದ್ದಂತೆಯೇ ವರ್ತಿಸುತ್ತವೆ. ಮೆಂಡೆಲ್‌ನ ಏಳು ಗುಣಗಳು ಏಳು ವರ್ಣತಂತುಗಳ ಮೇಲೆ ಒಂದೊಂದಾಗಿ ಕೂತಿದ್ದವು ಎಂದು ಹೇಳುವುದು ಕೇಳಲು ಚೆಂದ, ನಿಜವಲ್ಲ.

ಮೂರು ಜೀನ್‌ಗಳ ಸಂಕರಣ ಕಂಡರೆ ಕೈಕಾಲು ಆಡುವುದಿಲ್ಲ. ಒಂದು ಲೆಕ್ಕ ಪೂರ್ತಿ ಬಿಡಿಸಿ ತೋರಿಸುವಿರಾ?

ಜೀನ್‌ಗಳಿಗೆ ಕ, ಮ, ಲ ಎಂದು ಹೆಸರಿಡೋಣ. ಪ್ರಬಲ ದೀರ್ಘ, ದುರ್ಬಲ ಹ್ರಸ್ವ. ಮೂರೂ ದುರ್ಬಲವಾದರೆ ‘ಕಮಲ’. ಮೂರರಲ್ಲಿಯೂ ವಿಷಮಯುಗ್ಮಜವಾದ ಜೀವಿಗೆ ಇದರೊಂದಿಗೆ ಪರೀಕ್ಷಾ ಸಂಕರಣ ಮಾಡಿದ್ದೇವೆ. ಸಾವಿರ ಮರಿಗಳು (ಅಂಕಿ ನನ್ನದೇ):

ಕಾಮಾಲಾ 395, ಕಮಲ 391
ಕಾಮಲಾ 58, ಕಮಾಲ 56
ಕಾಮಾಲ 49, ಕಮಲಾ 45
ಕಮಾಲಾ 4, ಕಾಮಲ 2

ಪ್ರಶ್ನೆಪತ್ರಿಕೆಯಲ್ಲಿ ಇವನ್ನು ಬೇಕೆಂದೇ ಕಲಸಿ ಕೊಟ್ಟಿರುತ್ತಾರೆ. ಮೊದಲು ಜೋಡಿ ಮಾಡಿಕೊಳ್ಳಿ: ಒಂದರಲ್ಲಿ ದೀರ್ಘ ಇದ್ದ ಕಡೆ ಇನ್ನೊಂದರಲ್ಲಿ ಹ್ರಸ್ವ. ಅತಿ ದೊಡ್ಡ ಜೋಡಿ ಪೋಷಕರದು. ಅತಿ ಚಿಕ್ಕ ಜೋಡಿ ಎರಡು ಸಲ ಕ್ರಾಸಿಂಗ್ ಓವರ್ ಆದದ್ದು.

ಈಗ ಮುಖ್ಯವಾದ ಹೆಜ್ಜೆ. ದೊಡ್ಡದಾದ ಕಾಮಾಲಾ, ಚಿಕ್ಕದಾದ ಕಮಾಲಾ, ಎರಡನ್ನೂ ಪಕ್ಕಪಕ್ಕ ಇಡಿ. ಬದಲಾದದ್ದು ಕ ಒಂದೇ. ಎರಡು ಕಡೆ ಕತ್ತರಿಸಿ ಅಂಟಿಸಿದರೆ ಬದಲಾಗುವುದು ನಡುವಿನ ತುಂಡು, ಆದ್ದರಿಂದ ನಡುವೆ ಇರುವುದು ಕ. ನಿಜವಾದ ಕ್ರಮ ಮ–ಕ–ಲ. ಬಾಯಿಗೆ ಬಂದಂತೆ ಕ–ಮ–ಲ ಎಂದು ಬರೆದವರು ಇಲ್ಲಿಯೇ ಸೋತರು, ನಾನು ಆ ಹೆಸರಿಟ್ಟದ್ದೂ ಅದಕ್ಕೇ.

ಮ ಮತ್ತು ಕ ನಡುವೆ: 58 + 56, ಜೊತೆಗೆ ಎರಡು ಸಲ ಆದ 6 ಮರಿಗಳು. ಒಟ್ಟು 120, ಅಂದರೆ 12 ಸೆಂಟಿಮಾರ್ಗನ್. ಕ ಮತ್ತು ಲ ನಡುವೆ: 49 + 45 + 6 = 100, ಅಂದರೆ 10. ಹೊರಗಿನ ಎರಡರ ಅಂತರ 22. ಮ ಮತ್ತು ಲ ಎರಡನ್ನೇ ನೋಡಿದ್ದರೆ 20.8 ಎನ್ನುತ್ತಿದ್ದೆವು, ಎರಡು ಸಲ ಆದವುಗಳಲ್ಲಿ ಹೊರಗಿನ ಜೋಡಿ ಮತ್ತೆ ಮೊದಲಿನಂತೆಯೇ ಕಾಣುವುದರಿಂದ ಅವು ಕಣ್ತಪ್ಪಿಸಿಕೊಳ್ಳುತ್ತವೆ.

ಕೊನೆಯದಾಗಿ ಅಡ್ಡಿ, ಅಂದರೆ ಒಂದು ಕ್ರಾಸಿಂಗ್ ಓವರ್ ತನ್ನ ಪಕ್ಕದಲ್ಲಿ ಇನ್ನೊಂದನ್ನು ಎಷ್ಟು ತಡೆಯುತ್ತದೆ ಎಂಬುದು. ಎರಡು ಕಡೆಯ ಕ್ರಾಸಿಂಗ್ ಓವರ್‌ಗಳು ಪರಸ್ಪರ ಸ್ವತಂತ್ರವಾಗಿದ್ದರೆ 0.12 × 0.10 × 1000 = 12 ಮರಿ ಬರಬೇಕಿತ್ತು, ಬಂದದ್ದು 6. ಅನುಪಾತ 0.5, ಅಡ್ಡಿ 1 − 0.5 = 0.5.

ಈ ಇಡೀ ಯೋಚನೆಗೆ ಮೂಲ ಮಾರ್ಗನ್ ಪ್ರಯೋಗಾಲಯದಲ್ಲಿದ್ದ ಸ್ಟರ್ಟೆವಂಟ್ ಎಂಬ ಪದವಿ ವಿದ್ಯಾರ್ಥಿ. 1911ರ ಒಂದು ರಾತ್ರಿ ಕಾಲೇಜಿನ ಮನೆಪಾಠ ಬದಿಗಿಟ್ಟು ಜಗತ್ತಿನ ಮೊದಲ ಜೀನ್ ನಕ್ಷೆ ಬರೆದು ಮುಗಿಸಿದ. 1913ರಲ್ಲಿ ಅದು ಅಚ್ಚಾಯಿತು. ಇದನ್ನು ಹೇಳಿದ ಮರುದಿನ ತರಗತಿಯಲ್ಲಿ ಮನೆಪಾಠ ಮಾಡದವರ ಸಂಖ್ಯೆ ಹೆಚ್ಚಿರುತ್ತದೆ.

ಮನುಷ್ಯರಲ್ಲಿ ಪರೀಕ್ಷಾ ಸಂಕರಣ ಮಾಡಲಾಗದು. ಮತ್ತೆ ನಕ್ಷೆ ಹೇಗೆ ಬಂತು?

ಆಗಿಹೋದ ಮದುವೆಗಳ ವಂಶವೃಕ್ಷಗಳಿಂದ. 1937ರಲ್ಲಿ ತಳಿವಿಜ್ಞಾನಿಗಳಾದ ಜೂಲಿಯಾ ಬೆಲ್ ಮತ್ತು ಜೆ. ಬಿ. ಎಸ್. ಹಾಲ್ಡೇನ್ ಹಿಮೋಫೀಲಿಯಾ ಮತ್ತು ವರ್ಣಾಂಧತೆ ಒಂದೇ ಮನೆತನದಲ್ಲಿ ಜೊತೆಜೊತೆಯಾಗಿ ಇಳಿದು ಬರುವುದನ್ನು ಲೆಕ್ಕ ಹಾಕಿ ಮನುಷ್ಯರಲ್ಲಿ ಸಹಲಗ್ನತೆ ತೋರಿಸಿದರು. ಎರಡೂ ಜೀನ್‌ಗಳು ಎಕ್ಸ್ ಮೇಲೆ ಇದ್ದದ್ದು ಅನುಕೂಲವಾಯಿತು: ಗಂಡುಮಗನಲ್ಲಿ ತಾಯಿಯ ಲಿಂಗಾಣು ಮರೆಯಿಲ್ಲದೆ ಕಾಣುತ್ತದೆ, ಪರೀಕ್ಷಾ ಸಂಕರಣವನ್ನು ಪ್ರಕೃತಿಯೇ ಮಾಡಿಟ್ಟಂತೆ. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಉತ್ತರ ಬಂತು. ಸರಿಯೋ ತಪ್ಪೋ ಎಂದು ಬೇಗ ನೋಡುವುದು ಹೇಗೆ?

ಪಾಲುಗಳನ್ನೆಲ್ಲ ಕೂಡಿ; 1 ಬರದಿದ್ದರೆ ಎಲ್ಲೋ ಒಂದು ಲಿಂಗಾಣು ಬಿಟ್ಟುಹೋಗಿದೆ. ಮರುಸಂಯೋಜನೆ 0.5ಕ್ಕಿಂತ ಬಹಳ ಹೆಚ್ಚು ಬಂದರೆ ಪೋಷಕ ಜೋಡಿಯನ್ನು ತಿರುವುಮುರುವಾಗಿ ಹಿಡಿದಿದ್ದೀರಿ. ಅಪರೂಪದ ಕಾಯಿಲೆಯಲ್ಲಿ ವಾಹಕರಿಗಿಂತ ರೋಗಿಗಳೇ ಹೆಚ್ಚಾದರೆ ಕ್ಯೂ ಇರಬೇಕಾದ ಕಡೆ ಪಿ ಹಾಕಿದ್ದೀರಿ. ಮೂರು ಜೀನ್‌ಗಳ ಲೆಕ್ಕದಲ್ಲಿ ಎಂಟು ವರ್ಗ ಇರಬೇಕಾದ ಕಡೆ ಆರೇ ಕೊಟ್ಟಿದ್ದರೆ ಗಾಬರಿ ಬೇಡ. ಎರಡು ಸಲ ಕ್ರಾಸಿಂಗ್ ಓವರ್ ಆದ ಜೋಡಿ ಸೊನ್ನೆ ಎಂದು ಅರ್ಥ, ಅಡ್ಡಿ 1.